ಓದುಗರ ಪ್ರಶ್ನೆ: ಒಂದೇ ಬಿರುಗಾಳಿಗೆ ಎರಡು ಗರಿಷ್ಠ ಎಳೆತ ಬಂದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುವ ವೇದಿಕೆಯೊಂದರ ಮೂರಿಂಗ್ ಲೈನುಗಳ (ಅದನ್ನು ಲಂಗರಿಗೆ ಕಟ್ಟಿದ ಹಗ್ಗ, ಸರಪಳಿಗಳ) ವಿಶ್ಲೇಷಣೆ ಮಾಡುತ್ತಿದ್ದೇನೆ. ಮೂರು ಗಂಟೆಗಳ ಬಿರುಗಾಳಿಯ ಸಿಮ್ಯುಲೇಷನ್ ನಡೆಸಿದಾಗ ಒಂದು ಲೈನಿನ ಗರಿಷ್ಠ ಎಳೆತ 2,140 ಕಿಲೋನ್ಯೂಟನ್ ಬಂದಿತು. ಅಲೆಯ ಎತ್ತರ, ಅವಧಿ ಯಾವುದನ್ನೂ ಮುಟ್ಟದೆ ಸೀಡ್ ಸಂಖ್ಯೆಯನ್ನಷ್ಟೇ ಬದಲಿಸಿದರೆ ಅದು 2,460 ಆಯಿತು. ವರದಿಯಲ್ಲಿ ಯಾವುದನ್ನು ಬರೆಯಬೇಕು?

ಉತ್ತರ: ಎರಡರಲ್ಲಿ ಯಾವುದನ್ನೂ ಅಂತಿಮ ಉತ್ತರವೆಂದು ಬರೆಯಬೇಡಿ. ಅನಿಯತ ಸಮುದ್ರವನ್ನು ತಂತ್ರಾಂಶವು ಅನೇಕ ಸರಳ ಅಲೆಗಳನ್ನು ಕೂಡಿಸಿ ಕಟ್ಟುತ್ತದೆ. ಆ ಅಲೆಗಳು ಏರಿಳಿತದ ಯಾವ ಹಂತದಲ್ಲಿ, ಅಂದರೆ ಯಾವ ಫೇಸ್‌ನಲ್ಲಿ ಆರಂಭವಾಗಬೇಕು ಎಂಬುದನ್ನು ಸೀಡ್ ನಿರ್ಧರಿಸುತ್ತದೆ. ಸೀಡ್ ಬದಲಾದರೆ ಬಿರುಗಾಳಿಯ ತೀವ್ರತೆ ಬದಲಾಗುವುದಿಲ್ಲ, ದೊಡ್ಡ ಅಲೆಗಳು ಬಂದೆರಗುವ ಕ್ರಮ ಬದಲಾಗುತ್ತದೆ. ಆದ್ದರಿಂದ ನಿಮ್ಮ ಎರಡು ಸಂಖ್ಯೆಗಳೂ ಒಂದೇ ಬಿರುಗಾಳಿಯಿಂದ ತೆಗೆದ ಎರಡು ಮಾದರಿಗಳು ಮಾತ್ರ.

ಮೊದಲು ಅಲೆಯ ಎತ್ತರವನ್ನೇ ನೋಡೋಣ. ಮೂರು ಗಂಟೆಯೆಂದರೆ 10,800 ಸೆಕೆಂಡು. ಸರಾಸರಿ ಅವಧಿ 10 ಸೆಕೆಂಡಾದರೆ ಸುಮಾರು 1,080 ಅಲೆಗಳು. ಎತ್ತರಗಳು ರೇಲೀ ವಿತರಣೆಯನ್ನು (ಅಲೆಯ ಎತ್ತರಗಳು ಹೇಗೆ ಹಂಚಿಹೋಗಿವೆಯೆಂದು ಹೇಳುವ ಸಂಖ್ಯಾಶಾಸ್ತ್ರದ ಸೂತ್ರ) ಅನುಸರಿಸುತ್ತವೆಂದು ಹಿಡಿದರೆ, ಅವುಗಳಲ್ಲಿ ಅತಿ ದೊಡ್ಡದರ ಅತ್ಯಂತ ಸಂಭಾವ್ಯ ಎತ್ತರವು ಸಿಗ್ನಿಫಿಕೆಂಟ್ ಎತ್ತರದ (ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಎತ್ತರ) ಸುಮಾರು 1.87 ಪಟ್ಟು. ಆದರೆ 'ಅತ್ಯಂತ ಸಂಭಾವ್ಯ' ಎಂಬ ಮಾತನ್ನು 'ಮೀರಲಾಗದ' ಎಂದು ಓದುವವರೇ ಹೆಚ್ಚು. ವಾಸ್ತವದಲ್ಲಿ ಅಂಥ ನೂರು ಬಿರುಗಾಳಿಗಳಲ್ಲಿ ಸುಮಾರು 63ರಲ್ಲಿ ಅತಿ ದೊಡ್ಡ ಅಲೆ ಆ ಮಟ್ಟವನ್ನು ದಾಟುತ್ತದೆ.

ಮೂರಿಂಗ್ ಎಳೆತದಲ್ಲಿ ಈ ಚೆದುರುವಿಕೆ ಇನ್ನೂ ಹೆಚ್ಚು. ವೇದಿಕೆಯು ಅಲೆಗಳ ಜೊತೆಗೆ ತೂಗುವುದಲ್ಲದೆ, ಒಂದೆರಡು ನಿಮಿಷಕ್ಕೊಮ್ಮೆ ನಿಧಾನವಾಗಿ ಹಿಂದೆ ಮುಂದೆ ಸರಿಯುತ್ತಲೂ ಇರುತ್ತದೆ. ಆ ಸರಿತದ ಅವಧಿ 100 ಸೆಕೆಂಡು ಎಂದುಕೊಂಡರೆ ಮೂರು ಗಂಟೆಗಳಲ್ಲಿ ಸಿಗುವುದು 108 ಆವರ್ತಗಳಷ್ಟೇ. ವೇದಿಕೆ ದೂರ ಸರಿದು ಲೈನು ಬಿಗಿಯಾಗಿರುವ ಹೊತ್ತಿಗೇ ದೊಡ್ಡ ಅಲೆಯೂ ಬಂದರೆ ಎಳೆತ ಒಮ್ಮೆಗೇ ಏರುತ್ತದೆ, ಆ ಜೋಡಣೆ ಒಂದು ಸೀಡ್‌ನಲ್ಲಿ ಒದಗಿ ಇನ್ನೊಂದರಲ್ಲಿ ತಪ್ಪಿಹೋಗಬಹುದು. ಆದಕಾರಣ ಹತ್ತು ಅಥವಾ ಅದಕ್ಕಿಂತ ಹೆಚ್ಚು ಸೀಡ್‌ಗಳನ್ನು ಓಡಿಸಿ, ಪ್ರತಿಯೊಂದರ ಗರಿಷ್ಠವನ್ನು ಆಯ್ದು, ಅವುಗಳಿಗೆ ಗರಿಷ್ಠ ಮೌಲ್ಯಗಳಿಗೆಂದೇ ಬಳಸುವ ಗಂಬೆಲ್ ವಿತರಣೆಯನ್ನು ಹೊಂದಿಸಿ, ನಿಮ್ಮ ಯೋಜನೆ ಅನುಸರಿಸುವ ಮಾನದಂಡ ಕೇಳುವ ಮೌಲ್ಯವನ್ನು ಅದರಿಂದ ತೆಗೆಯಿರಿ. ಇದು ಪುಸ್ತಕದ ಹಟವಲ್ಲ. ಲೈನು ತುಂಡಾಗುವ ಬಲ 4,000 ಕಿಲೋನ್ಯೂಟನ್ ಎಂದಿಟ್ಟುಕೊಳ್ಳಿ. ನಿಮ್ಮ ಮೊದಲ ಸಂಖ್ಯೆಗೆ ಸುರಕ್ಷಾ ಗುಣಾಂಕ (ಆ ಬಲವನ್ನು ಎಳೆತದಿಂದ ಭಾಗಿಸಿದ್ದು) 1.87, ಎರಡನೆಯದಕ್ಕೆ 1.63. ಎಲ್ಲ ಲೈನುಗಳೂ ಸುಸ್ಥಿತಿಯಲ್ಲಿರುವಾಗಿನ ಡೈನಾಮಿಕ್ ವಿಶ್ಲೇಷಣೆಗೆ ಮೂರಿಂಗ್ ವಿನ್ಯಾಸದ ಮಾನದಂಡವಾದ ಎಪಿಐ ಆರ್‌ಪಿ 2ಎಸ್‌ಕೆ ಕೇಳುವುದು ಕನಿಷ್ಠ 1.67. ಒಂದು ಸೀಡ್‌ನಲ್ಲಿ ಪಾಸಾದ ವಿನ್ಯಾಸ ಇನ್ನೊಂದರಲ್ಲಿ ಫೇಲಾಯಿತು.

ಇಷ್ಟಕ್ಕೂ ಮುನ್ನ ಗರಿಷ್ಠ ಬಂದ ಕ್ಷಣದ ಟೈಮ್ ಹಿಸ್ಟರಿಯನ್ನು (ಕಾಲದೊಂದಿಗೆ ಎಳೆತ ಬದಲಾಗುವ ಗ್ರಾಫನ್ನು) ಹಿಗ್ಗಿಸಿ ನೋಡಿ. ಕೋಷ್ಟಕದ ಸಂಖ್ಯೆಯನ್ನು ಗ್ರಾಫ್ ನೋಡದೆ ವರದಿಗೆ ಸೇರಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅಲೆಗಳನ್ನು ಸೊನ್ನೆಯಿಂದ ಮೆಲ್ಲನೆ ಏರಿಸುವ ಬಿಲ್ಡ್-ಅಪ್ ಅವಧಿಯು ಅಂಕಿಅಂಶದೊಳಗೆ ಸೇರಿರಬಾರದು. ಇಂಥ ವಿಶ್ಲೇಷಣೆಯ ತಂತ್ರಾಂಶವಾದ ಆರ್ಕಾಫ್ಲೆಕ್ಸ್‌ನಲ್ಲಿ ಈ ಅವಧಿಯ ಕಾಲ ಋಣ ಸಂಖ್ಯೆಯಲ್ಲಿರುವುದರಿಂದ ಗುರುತಿಸುವುದು ಸುಲಭ. ಒಂದೇ ಬಿಂದುವಿನಲ್ಲಿ ಸೂಜಿಯಂತೆ ಎದ್ದ ಏರಿಕೆ ಕಂಡರೆ, ಅದಕ್ಕೆ ಸ್ವಲ್ಪ ಮುಂಚೆ ಎಳೆತ ಸೊನ್ನೆಯ ಹತ್ತಿರ ಇಳಿದಿತ್ತೇ ಎಂದು ಗಮನಿಸಿ. ಇಳಿದಿದ್ದರೆ ಸಡಿಲಾದ ಲೈನು ಮತ್ತೆ ಜಗ್ಗಿರುವ ಸಾಧ್ಯತೆಯಿದೆ, ಅದು ನಿಜವಾದ ಹೊರೆ. ಟೈಮ್ ಸ್ಟೆಪ್ (ಲೆಕ್ಕಾಚಾರದ ಕಾಲದ ಹೆಜ್ಜೆ) ಮತ್ತು ಲೆಕ್ಕಕ್ಕಾಗಿ ಲೈನನ್ನು ವಿಂಗಡಿಸಿದ ಸೆಗ್ಮೆಂಟ್ ಉದ್ದವನ್ನು ಕಡಿಮೆ ಮಾಡಿದಾಗ ಆ ಏರಿಕೆ ಬಹಳವಾಗಿ ಬದಲಾದರೆ ಮಾತ್ರ ಲೆಕ್ಕಾಚಾರದ ದೋಷವನ್ನು ಶಂಕಿಸಬೇಕು.

ಪ್ರಶ್ನೆ: ಸಮುದ್ರತಳದಿಂದ ವೇದಿಕೆಗೆ ಏರುವ ಕೊಳವೆಯಾದ ರೈಸರ್‌ನ ರೇಂಜ್ ಗ್ರಾಫ್‌ನಲ್ಲಿ (ಉದ್ದಕ್ಕೂ ಪ್ರತಿ ಬಿಂದುವಿನ ಕನಿಷ್ಠ, ಗರಿಷ್ಠಗಳನ್ನು ತೋರಿಸುವ ಗ್ರಾಫ್), ಕೊಳವೆ ಸಮುದ್ರದ ತಳವನ್ನು ಮುಟ್ಟುವಲ್ಲಿ, ಕನಿಷ್ಠ ಎಫೆಕ್ಟಿವ್ ಟೆನ್ಷನ್ ಋಣವಾಗಿದೆ, ವಾಲ್ ಟೆನ್ಷನ್ ಧನವಾಗಿಯೇ ಇದೆ. ತಂತ್ರಾಂಶದ ತಪ್ಪೇ?

ಉತ್ತರ: ತಪ್ಪಲ್ಲ. ವಾಲ್ ಟೆನ್ಷನ್ ಎಂಬುದು ಕೊಳವೆಯ ಲೋಹ ಹೊರುವ ಬಲ. ಅದರಿಂದ ಒಳಗಿನ ಒತ್ತಡ ಮತ್ತು ಒಳ ಅಡ್ಡಕೊಯ್ತದ ವಿಸ್ತೀರ್ಣದ ಗುಣಲಬ್ಧವನ್ನು ಕಳೆದು, ಹೊರಗಿನ ಒತ್ತಡ ಮತ್ತು ಹೊರ ವಿಸ್ತೀರ್ಣದ ಗುಣಲಬ್ಧವನ್ನು ಕೂಡಿದರೆ ಎಫೆಕ್ಟಿವ್ ಟೆನ್ಷನ್ ದೊರೆಯುತ್ತದೆ. ಒಳಗಿನ ಒತ್ತಡ ಹೆಚ್ಚಿದ್ದಾಗ ಲೋಹ ಎಳೆತದಲ್ಲಿದ್ದರೂ ಎಫೆಕ್ಟಿವ್ ಟೆನ್ಷನ್ ಋಣವಾಗಬಹುದು. ಲೋಹದ ಅಕ್ಷೀಯ ಸ್ಟ್ರೆಸ್ ಅನ್ನು (ಉದ್ದದ ದಿಕ್ಕಿನಲ್ಲಿ ಲೋಹದೊಳಗಿನ ಬಿಗಿತವನ್ನು) ಪರೀಕ್ಷಿಸಲು ವಾಲ್ ಟೆನ್ಷನ್ ಬೇಕು, ಕೊಳವೆ ಬಕಲ್ ಆಗುವುದೇ (ಪಕ್ಕಕ್ಕೆ ಡೊಂಕಾಗುವುದೇ) ಎಂಬುದನ್ನು ಎಫೆಕ್ಟಿವ್ ಟೆನ್ಷನ್ ಹೇಳುತ್ತದೆ. ಹಾಗಾಗಿ ನಿಮಗೆ ಕಂಡ ಋಣ ಮೌಲ್ಯವನ್ನು ಕಡೆಗಣಿಸಬೇಡಿ.

ರೇಂಜ್ ಗ್ರಾಫ್ ಯಾವುದೇ ಒಂದು ಕ್ಷಣದ ಚಿತ್ರವಲ್ಲ ಎಂಬುದೂ ನೆನಪಿರಲಿ. ಪ್ರತಿ ಬಿಂದುವಿನ ಕನಿಷ್ಠ, ಗರಿಷ್ಠಗಳು ಬೇರೆ ಬೇರೆ ಕ್ಷಣಗಳಲ್ಲಿ ಬಂದವುಗಳಾಗಿರಬಹುದು. ಕನಿಷ್ಠ ಟೆನ್ಷನ್ ಮತ್ತು ಗರಿಷ್ಠ ಬಾಗುವಿಕೆ ಒಂದೇ ಬಿಂದುವಿನಲ್ಲಿ ಕಂಡರೂ, ಅವು ಒಟ್ಟಿಗೇ ಒದಗಿದವೇ ಎಂಬುದನ್ನು ಆ ಬಿಂದುವಿನ ಎರಡೂ ಟೈಮ್ ಹಿಸ್ಟರಿಗಳನ್ನು ಒಂದರ ಮೇಲೊಂದಿಟ್ಟು ನೋಡಿದ ನಂತರವೇ ಹೇಳಬಹುದು.