ಸೀನಿಯರ್ ಆದ ಮೇಲೆ ಮ್ಯಾನೇಜರ್ ಆಗಬೇಕಾ, ಆರ್ಕಿಟೆಕ್ಟ್ ಆಗಬೇಕಾ?

ಎಂಟು ವರ್ಷ ಕೋಡ್ ಬರೆದು ಸೀನಿಯರ್ ಆಗಿದ್ದೀರಿ. ಮುಂದೆ ಟೀಮ್ ನೋಡಿಕೊಳ್ಳುವ ಮ್ಯಾನೇಜರ್ ಆಗಲೋ, ಸಾಫ್ಟ್‌ವೇರಿನ ಡಿಸೈನ್ ತೀರ್ಮಾನಿಸುವ ಆರ್ಕಿಟೆಕ್ಟ್ ಆಗಲೋ, ಯಾವುದಕ್ಕೆ ಭವಿಷ್ಯ ಜಾಸ್ತಿ ಅಂತ ಕೇಳಿದ್ದೀರಿ. ಕೊನೆಯಲ್ಲಿ, ನಮ್ಮ ಮ್ಯಾನೇಜರ್ ಹೇಳಿದ ಹಾಗೆ ಮಾಡಿಬಿಡೋಣ ಅಂತಲೂ ಅನ್ನಿಸುತ್ತೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. 2019ರ ಮಾರ್ಚ್‌ನಲ್ಲಿ ನಾನು ಆಡಿದ ಮಾತು ಅದು.

ಆಗ ನನ್ನ ಆಫೀಸು ಬೆಳ್ಳಂದೂರಿನಲ್ಲಿ, ಔಟರ್ ರಿಂಗ್ ರೋಡಿನ ಮೇಲೆ. ಮನೆ ಹನುಮಂತನಗರ. ದಿನಾ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರಬೇಕಿತ್ತು. ಪೇಮೆಂಟ್ ಲೆಕ್ಕದ ಒಂದು ಸರ್ವಿಸ್ ನನ್ನ ಕೈಲಿತ್ತು. ಬ್ಯಾಂಕಿನಿಂದ ಬರುವ ಫೈಲಿಗೂ ನಮ್ಮ ಲೆಡ್ಜರಿಗೂ ತಾಳೆ ನೋಡುವುದು ಅದರ ಕೆಲಸ. ಎರಡು ರೂಪಾಯಿ ವ್ಯತ್ಯಾಸ ಬಂದರೂ ಅದು ಎಲ್ಲಿಂದ ಬಂತು ಅಂತ ಹುಡುಕೋಕೆ ಕೂತರೆ ನನಗೆ ಊಟದ ನೆನಪು ಇರುತ್ತಿರಲಿಲ್ಲ. ಆ ಕೆಲಸ ಅಂದರೆ ಅಷ್ಟು ಇಷ್ಟ.

ಒಂದು ಮಧ್ಯಾಹ್ನ ಒನ್ ಆನ್ ಒನ್‌ನಲ್ಲಿ, ಅಂದರೆ ಇಬ್ಬರೇ ಕೂತು ಮಾತಾಡುವ ಮೀಟಿಂಗಿನಲ್ಲಿ, ನನ್ನ ಮ್ಯಾನೇಜರ್ ಹೇಳಿದರು, "ನನಗೆ ಬೇರೆ ಜವಾಬ್ದಾರಿ ಕೊಡ್ತಿದ್ದಾರೆ. ಈ ಟೀಮ್ ನೀವು ನೋಡ್ಕೋತೀರಾ? ಇಲ್ಲಾ ಟೆಕ್ನಿಕಲ್ ಕಡೆನೇ ಇರ್ತೀರಾ? ನಿಮಗೇನಿಷ್ಟ ಹೇಳಿ."

ನಾನಂದೆ, "ನಿಮಗೆ ಯಾವುದು ಸರಿ ಅನ್ಸುತ್ತೋ ಅದೇ ಮಾಡೋಣ."

ಅವರು ನಕ್ಕು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಮೂರು ವಾರದಲ್ಲಿ ನಾನು ಏಳು ಜನರ ಮ್ಯಾನೇಜರ್.

ಆ ಒಂದು ಮಾತಿನ ಬಗ್ಗೆ ಬಿಡಿಸಿ ಹೇಳಬೇಕು. ಮ್ಯಾನೇಜರ್ ಆಗಿದ್ದು ತಪ್ಪು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಅವರು ಕೇಳಿದ್ದರು, ನಾನು ಉತ್ತರ ಕೊಡಲಿಲ್ಲ, ತಪ್ಪು ಅಲ್ಲಿತ್ತು. ನನ್ನ ಅಪ್ಪ ಕೆಇಬಿಯಲ್ಲಿದ್ದರು. ತಿಪಟೂರು, ಹಿರಿಯೂರು, ಆಮೇಲೆ ಬೆಂಗಳೂರು. ಆರ್ಡರ್ ಬಂದರೆ ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ಹಾಕೋಕೆ ಶುರು ಮಾಡುತ್ತಿದ್ದಳು. ಯಾಕೆ, ಎಷ್ಟು ವರ್ಷ, ಅಂತ ಯಾರೂ ಕೇಳುತ್ತಿರಲಿಲ್ಲ. ಕೆಲಸ ಕೊಟ್ಟವರು ಹೇಳಿದ ಕಡೆ ಹೋಗುವುದು ಅಂತ ನಾನು ಅಲ್ಲೇ ಕಲಿತಿದ್ದು. ಹಾಗಾಗಿ ನನ್ನ ಮಾತು ನನಗೆ ವಿನಯ ಅಂತಲೇ ಅನ್ನಿಸಿತ್ತು. ಆದರೆ ಅಪ್ಪನಿಗೆ ಬರುತ್ತಿದ್ದ ಆರ್ಡರಿನಲ್ಲಿ ಊರು, ಹುದ್ದೆ, ಸಂಬಳ ಎಲ್ಲ ಬರೆದಿರುತ್ತಿತ್ತು. ನನಗೆ ಬಂದಿದ್ದು ಬರೀ ಒಂದು ಪ್ರಶ್ನೆ. ಅದಕ್ಕೆ ನಾನು ತುಂಬದೇ ಬಿಟ್ಟ ಜಾಗವನ್ನು ಬೇರೆಯವರು ತಮ್ಮ ಅಗತ್ಯಕ್ಕೆ ತಕ್ಕ ಹಾಗೆ ತುಂಬಿಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರಿಗೆ ಟೀಮಿಗೆ ಒಬ್ಬರು ಬೇಕಿತ್ತು, ನಾನು ಬೇಡ ಅನ್ನಲಿಲ್ಲ.

ಇಷ್ಟೇ ಆಗಿದ್ದರೆ ನಷ್ಟ ಕಡಿಮೆ ಇರುತ್ತಿತ್ತು. ಉತ್ತರ ಕೊಡದೇ ಇದ್ದಿದ್ದರಿಂದ ಷರತ್ತನ್ನೂ ಕೇಳಲಿಲ್ಲ. ಎಷ್ಟು ದಿನ ನೋಡುವುದು? ಆರು ತಿಂಗಳ ಮೇಲೆ ನನಗೆ ಆಗಲ್ಲ ಅಂದರೆ ಅದೇ ಲೆವೆಲ್‌ಗೆ ಇಂಜಿನಿಯರ್ ಆಗಿ ವಾಪಸ್ ಬರಬಹುದಾ? ಆ ತಾಳೆ ನೋಡುವ ಸರ್ವಿಸ್‌ನಲ್ಲಿ ಒಂದು ಸಣ್ಣ ಭಾಗವನ್ನಾದರೂ ನಾನೇ ಇಟ್ಟುಕೊಳ್ಳಲಾ? ಅವತ್ತು ಕೇಳಿದ್ದರೆ ಇವೆಲ್ಲ ಐದು ನಿಮಿಷದ ಮಾತು. ಯಾಕೆಂದರೆ ಅವತ್ತು ಅವರಿಗೆ ನಾನು ಬೇಕಾಗಿದ್ದೆ. ಒಪ್ಪಿಕೊಂಡ ಮಾರನೇ ದಿನದಿಂದ ಆ ಪ್ರಶ್ನೆಗಳಿಗೆ ಬೆಲೆ ಇರಲಿಲ್ಲ.

ಏಳು ಜನರನ್ನು ನಾನು ಮನಸ್ಸಿಟ್ಟೇ ನೋಡಿಕೊಂಡೆ. ಆದರೆ ಅಪ್ರೈಸಲ್ ಬಂದಾಗ ಬೆಲ್ ಕರ್ವ್‌ಗೆ ಹೊಂದಿಸಬೇಕು, ಅಂದರೆ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಅಂತ ಮೊದಲೇ ನಿಗದಿ, ಯಾರಾದರೂ ಒಬ್ಬರು ಕೆಳಗೆ ಹೋಗಲೇಬೇಕು. ಹಾಸನದ ಕಡೆಯ ಒಬ್ಬ ಹುಡುಗ ಇದ್ದ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ, ಮೀಟಿಂಗಿನಲ್ಲಿ ಮಾತು ಕಡಿಮೆ. ಅವನ ಹೆಸರು ಕೆಳಗಿನ ಸಾಲಿಗೆ ಹೋಯಿತು. "ಅಕ್ಕಾ, ನಾನು ಎಲ್ಲಿ ತಪ್ಪಿದೆ ಹೇಳಿ, ಸರಿ ಮಾಡ್ಕೋತೀನಿ" ಅಂದ. ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ರಾತ್ರಿ, 2021ರಲ್ಲಿ, ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ಒಂದೂಮುಕ್ಕಾಲಕ್ಕೆ ಫೋನ್. ಲೆಡ್ಜರಿಗೆ ಒಂದು ಎಂಟ್ರಿಯೂ ಬೀಳುತ್ತಿಲ್ಲ. ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲ್‌ಗೆ ಸೇರಿದೆ. ಮ್ಯಾನೇಜರ್ ಆಗಿ ನನ್ನ ಕೆಲಸ ಅರ್ಧ ಗಂಟೆಗೊಮ್ಮೆ ಮೇಲಿನವರಿಗೆ ಸ್ಟೇಟಸ್ ಮೇಲ್ ಕಳಿಸುವುದು. ಹುಡುಗರು ನೆಟ್‌ವರ್ಕ್ ನೋಡಿದರು, ಸರ್ವರ್ ರೀಸ್ಟಾರ್ಟ್ ಮಾಡಿದರು. ಓದುವುದೆಲ್ಲ ಸರಿಯಾಗಿ ನಡೀತಿದೆ, ಬರೆಯುವುದು ಮಾತ್ರ ನಿಂತಿದೆ ಅಂತ ಯಾರೋ ಅಂದರು. ಆ ಮಾತು ಕೇಳಿದ ತಕ್ಷಣ ನನಗೆ ಏನೋ ಹೊಳೆದ ಹಾಗಾಯಿತು, ಆದರೆ ಬಾಯಿಗೆ ಬರಲಿಲ್ಲ. ಇನ್ನೂ ನಲವತ್ತು ನಿಮಿಷ ಆದ ಮೇಲೆ ಆ ಹಾಸನದ ಹುಡುಗನೇ ಹಿಡಿದ. ಸಂಜೆ ಯಾರೋ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಲೆಡ್ಜರಿನ ದೊಡ್ಡ ಟೇಬಲ್ಲಿಗೆ ಹೊಸ ಇಂಡೆಕ್ಸ್ (ಬೇಗ ಹುಡುಕೋಕೆ ಮಾಡುವ ಪಟ್ಟಿ) ಹಾಕೋಕೆ ಒಂದು ಸ್ಕ್ರಿಪ್ಟ್ ರೆಡಿ ಮಾಡಿದ್ದರು, ಅದು ರಾತ್ರಿ ಓಡಿತ್ತು, ಅದರಲ್ಲಿ 'ಕನ್ಕರೆಂಟ್ಲಿ' ಅನ್ನುವ ಪದ ಇರಲಿಲ್ಲ. ಆ ಪದ ಇಲ್ಲದೇ ಇಂಡೆಕ್ಸ್ ಕಟ್ಟೋಕೆ ಹೊರಟರೆ ಅದು ಮುಗಿಯೋವರೆಗೂ ಟೇಬಲ್ಲನ್ನು ಓದಬಹುದು, ಬರೆಯೋಕಾಗಲ್ಲ. ಎರಡು ವರ್ಷದ ಹಿಂದೆ ಇದನ್ನು ಟೀಮಿಗೆ ಹೇಳಿಕೊಟ್ಟಿದ್ದು ನಾನೇ! ನನಗೇ ಅದು ಮರೆತುಹೋಗಿತ್ತು. ಎಲ್ಲರೂ ಅವನನ್ನು ಹೊಗಳುತ್ತಿದ್ದರು, ನಾನು ಮೈಕ್ ಮ್ಯೂಟ್ ಮಾಡಿ ಅತ್ತೆ.

ಮುಂದಿನ ವಾರವೇ ವಾಪಸ್ ಇಂಜಿನಿಯರ್ ಆಗಬೇಕು ಅಂತ ಕೇಳಿದೆ. ಅಂಥ ಜಾಗ ಸದ್ಯ ಇಲ್ಲ ಅಂದರು. 2019ರಲ್ಲಿ ಕೇಳಬೇಕಾಗಿದ್ದನ್ನು 2021ರಲ್ಲಿ ಕೇಳಿದರೆ ಉತ್ತರ ಅದೇ ಬರುತ್ತೆ. ಹೊರಗೆ ಇಂಟರ್‌ವ್ಯೂಗೆ ಹೋದೆ. ನಾನು ಕೋಡ್ ಬರೆಯೋದು ಬಿಟ್ಟಾಗ ನಮ್ಮ ಕೋಡೆಲ್ಲ ಜಾವಾ 8ರಲ್ಲಿತ್ತು. 2021ರ ಸೆಪ್ಟೆಂಬರಿನಲ್ಲಿ ಜಾವಾ 17 ಬಂದಿತ್ತು. ಈ ನಡುವೆ ಭಾಷೆಗೆ ಹೊಸದಾಗಿ ಸೇರಿದ್ದ ರೆಕಾರ್ಡ್ ಅಂದರೇನು ಅಂತ ಕೇಳಿದರೆ ನಾನು ಸುಮ್ಮನೆ ಕೂತಿದ್ದೆ. ಭಾಷೆಯ ಹೊಸ ವಿಷಯ ಎರಡು ವಾರದಲ್ಲಿ ಕಲಿಯಬಹುದು. ಕಷ್ಟ ಆಗಿದ್ದು, ಈಚೆಗೆ ನೀವೇ ಬರೆದ ಒಂದು ಕಷ್ಟದ ಡಿಸೈನ್ ಹೇಳಿ ಅಂದಾಗ. ನನ್ನ ಹತ್ತಿರ ಇದ್ದಿದ್ದೆಲ್ಲ ಮೂರು ವರ್ಷ ಹಳೆಯದು. ಒಂಬತ್ತು ಕಂಪನಿ ಬೇಡ ಅಂದ ಮೇಲೆ 2022ರಲ್ಲಿ ಒಂದು ಕಡೆ ಸಿಕ್ಕಿತು. ಸಂಬಳ ಸ್ವಲ್ಪ ಕಡಿಮೆ, ಹುದ್ದೆ ಮತ್ತೆ ಸೀನಿಯರ್ ಇಂಜಿನಿಯರ್. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸ್ಟಾಫ್ ಇಂಜಿನಿಯರ್ ಆಗಿದ್ದೀನಿ, ಸೀನಿಯರ್‌ಗಿಂತ ಮೇಲಿನ ಟೆಕ್ನಿಕಲ್ ಹುದ್ದೆ ಅದು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಲೈನ್ ಮೆಟ್ರೋದಲ್ಲಿ ಕೂತು ಇದನ್ನು ಬರೆಯುತ್ತಿದ್ದೀನಿ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೊದಲನೆಯದಾಗಿ, ಸೀನಿಯರ್ ಆದ ಮೇಲೆ ಎಲ್ಲಿಗಾದರೂ ಹೋಗಲೇಬೇಕು ಅಂತ ಯಾರು ಹೇಳಿದ್ದು? ಎಷ್ಟೋ ದೊಡ್ಡ ಕಂಪನಿಗಳಲ್ಲಿ ಸೀನಿಯರನ್ನು ಟರ್ಮಿನಲ್ ಲೆವೆಲ್ ಅಂತಲೇ ಕರೆಯುತ್ತಾರೆ. ಅಲ್ಲಿವರೆಗೆ ಬಂದು ಇಡೀ ವೃತ್ತಿ ಅಲ್ಲೇ ಇದ್ದರೂ ಯಾರೂ ಏನೂ ಅನ್ನಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ನಾಲ್ಕು ವರ್ಷ ಸೀನಿಯರ್ ಆಗಿಯೇ ಇರಿ, ಅದರಲ್ಲಿ ನಾಚಿಕೆ ಪಡೋ ವಿಷಯ ಏನೂ ಇಲ್ಲ.

ಯಾವುದಕ್ಕೆ ಭವಿಷ್ಯ ಅನ್ನುವುದಕ್ಕೆ ಸಾಮಾನ್ಯವಾದ ಉತ್ತರ ಇಲ್ಲ, ನಿಮ್ಮ ಆಫೀಸಿನ ಉತ್ತರ ಮಾತ್ರ ಇರುತ್ತೆ. ನಿಮ್ಮ ಬೆಂಗಳೂರು ಆಫೀಸಿನಲ್ಲಿ ಸ್ಟಾಫ್, ಪ್ರಿನ್ಸಿಪಲ್, ಆರ್ಕಿಟೆಕ್ಟ್ ಅಂತ ನಿಜವಾಗಿ ಎಷ್ಟು ಜನ ಕೂತಿದ್ದಾರೆ ಎಣಿಸಿ. ಎಚ್‌ಆರ್ ತೋರಿಸುವ ಏಣಿಯಲ್ಲಿ ಎಲ್ಲ ಮೆಟ್ಟಿಲೂ ಇರುತ್ತೆ. ಆದರೆ ಡಿಸೈನ್ ತೀರ್ಮಾನವೆಲ್ಲ ರಾತ್ರಿ ಒಂಬತ್ತೂವರೆಯ ಕಾಲ್‌ನಲ್ಲಿ ಅಮೆರಿಕದವರು ಮಾಡಿ ಇಲ್ಲಿಗೆ ಕಳಿಸುವುದಾದರೆ, ಆ ಆಫೀಸಿನಲ್ಲಿ ಆರ್ಕಿಟೆಕ್ಟ್ ಆಗುವ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಬೆಳೆಯೋದು ಮ್ಯಾನೇಜರುಗಳೇ. ಆರ್ಕಿಟೆಕ್ಟ್ ಆಗಲೇಬೇಕು ಅಂದರೆ ಕಂಪನಿ ಬದಲಿಸಿ, ಅದೂ ಕೈಯಲ್ಲಿ ಕೋಡ್ ಇರುವಾಗಲೇ ಬದಲಿಸಿ.

ನಿಮ್ಮ ಮ್ಯಾನೇಜರ್ ಕ್ಯಾಲೆಂಡರನ್ನೂ ಒಂದು ವಾರ ತೆಗೆದು ನೋಡಿ. ಆ ಮೀಟಿಂಗುಗಳಲ್ಲಿ ಕೂರೋಕೆ ನಿಮಗೆ ಮನಸ್ಸಿದೆಯಾ? ಇದ್ದರೆ ಧೈರ್ಯವಾಗಿ ಹೋಗಿ. ಜನರ ಕಷ್ಟ ಕೇಳಿ ದಾರಿ ಮಾಡಿಕೊಡುವ ಒಳ್ಳೆಯ ಮ್ಯಾನೇಜರುಗಳು ನಮಗೆ ತುಂಬಾ ಬೇಕು. ಆದರೆ ಮುಂದಿನ ಒನ್ ಆನ್ ಒನ್‌ಗೆ ಹೋಗುವ ಮುಂಚೆ ಬರೆದುಕೊಳ್ಳಿ: ಏನು ಬೇಕು, ಎಷ್ಟು ತಿಂಗಳು ನೋಡುತ್ತೀರಿ, ಆಗದಿದ್ದರೆ ಯಾವ ಲೆವೆಲ್‌ಗೆ ವಾಪಸ್. ಮಾತಾದ ಮೇಲೆ ಅದನ್ನೇ ಮೇಲ್ ಮಾಡಿ, ಅವರಿಂದ ಸರಿ ಅಂತ ಬರೆಸಿಕೊಳ್ಳಿ. ಬರೆದುಕೊಟ್ಟಿಲ್ಲ ಅಂದರೆ ಒಪ್ಪಿಕೊಳ್ಳಬೇಡಿ.

ಆ ಹಾಸನದ ಹುಡುಗ ಈಗ ಬೇರೆ ಕಂಪನಿಯಲ್ಲಿದ್ದಾನೆ. ನಿಮ್ಮದೇ ಪ್ರಶ್ನೆ ಇಟ್ಟುಕೊಂಡು ಆರು ತಿಂಗಳ ಹಿಂದೆ ಮನೆಗೆ ಬಂದಿದ್ದ. ಅವನಿಗೆ ಮ್ಯಾನೇಜರ್ ಆಗುವ ಆಸೆ ಇತ್ತು, ಕೇಳೋಕೆ ಸಂಕೋಚ. ಇಬ್ಬರೂ ಕೂತು ಅದೇ ಡೈನಿಂಗ್ ಟೇಬಲ್ ಮೇಲೆ ಮೇಲ್ ಬರೆದೆವು, ಹತ್ತು ಸಾಲು. ಮೂರು ತಿಂಗಳ ಟ್ರಯಲ್, ಆಮೇಲೆ ಬೇಕಾದರೆ ಅದೇ ಲೆವೆಲ್‌ಗೆ ವಾಪಸ್. ಅವರು ಒಪ್ಪಿದರು. ಮೊನ್ನೆ ಭಾನುವಾರ ಫೋನ್ ಮಾಡಿದ್ದ. ಟ್ರಯಲ್ ಮುಗಿಯಿತಂತೆ. "ನಾನು ಇದರಲ್ಲೇ ಮುಂದುವರಿತೀನಿ ಅಕ್ಕಾ, ಮೇಲ್ ಮಾಡಿ ಹೇಳಿದೀನಿ" ಅಂದ.