ವಾಹನ ಪ್ರಶ್ನೋತ್ತರ: ಇಸಿಯುಗಳ ನಡುವೆ ಮಾತು ನಿಂತಾಗ

ಪ್ರಶ್ನೆ: ಕಾರು ಓಡುತ್ತಿರುವಾಗ ಆಗಾಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಪವರ್ ಸ್ಟೀರಿಂಗ್ ದೀಪಗಳು ಒಟ್ಟಿಗೆ ಹೊತ್ತಿಕೊಂಡು, ವೇಗಮಾಪಕದ ಮುಳ್ಳು ಸೊನ್ನೆಗೆ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ. ಸ್ಕ್ಯಾನರ್ ಹಾಕಿದಾಗ ಇಂಜಿನ್ ಇಸಿಯು (ಇಂಜಿನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಮತ್ತು ಡ್ಯಾಶ್‌ಬೋರ್ಡಿನ ಮೀಟರ್ ಎರಡರಲ್ಲೂ ಯು0121 ಎಂಬ ಕೋಡ್ ಸಿಕ್ಕಿತು. ಎಬಿಎಸ್ ಘಟಕವನ್ನೇ ಬದಲಿಸಬೇಕೆಂದು ಗ್ಯಾರೇಜಿನಲ್ಲಿ ಹೇಳುತ್ತಿದ್ದಾರೆ. ಬದಲಿಸಲೇಬೇಕೇ?

ಉತ್ತರ: ಈಗಲೇ ಬೇಡ. ಯು0121 ಎಂದರೆ ಎಬಿಎಸ್ ಘಟಕದೊಂದಿಗೆ ಸಂಪರ್ಕ ತಪ್ಪಿತು ಎಂದಷ್ಟೇ ಅರ್ಥ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದ ಹಾಗೆ ಅದು. ಬಾರದಿದ್ದುದಕ್ಕೆ ಕಾರಣವೇನೆಂಬುದು ಅಲ್ಲಿ ಇರುವುದಿಲ್ಲ. ಸ್ಕ್ಯಾನರಿನ ಪರದೆಯ ಮೇಲೆ ಬಂದದ್ದನ್ನೇ ತೀರ್ಪೆಂದು ಭಾವಿಸಿ ದುಬಾರಿ ಘಟಕಗಳನ್ನು ಬದಲಿಸುವ ಅಭ್ಯಾಸ ಈ ಕಸುಬಿನಲ್ಲಿ ತೀರಾ ಸಾಮಾನ್ಯವಾಗಿಬಿಟ್ಟಿದೆ.

ನಿಮ್ಮ ಮೂರು ಲಕ್ಷಣಗಳ ಹಿಂದೆ ಇರುವುದು ಬಹುಶಃ ಒಂದೇ ದೋಷ. ಬಹಳಷ್ಟು ಕಾರುಗಳಲ್ಲಿ ಚಕ್ರದ ವೇಗವನ್ನು ಮೊದಲು ಓದುವುದು ಎಬಿಎಸ್ ಘಟಕ. ಅದು ಕ್ಯಾನ್ ಎಂಬ ಎರಡು ತಂತಿಗಳ ಜಾಲದ ಮೂಲಕ ಆ ಮಾಹಿತಿಯನ್ನು ಹಂಚಿದ ಮೇಲೆಯೇ ಮೀಟರಿನ ಮುಳ್ಳು ಏಳುತ್ತದೆ, ಸ್ಟೀರಿಂಗ್ ಕೂಡ ವೇಗಕ್ಕೆ ತಕ್ಕಂತೆ ತನ್ನ ಸಹಾಯವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಅಷ್ಟರಲ್ಲೂ ಇಂಜಿನ್ ನಿಲ್ಲದೆ ಓಡುತ್ತಿದೆ, ಇಂಜಿನ್ ಇಸಿಯು ಮತ್ತು ಮೀಟರ್ ಪರಸ್ಪರರ ಮೇಲೆ ದೂರು ದಾಖಲಿಸಿಲ್ಲ. ಅಂದರೆ ಮುಖ್ಯ ಜಾಲ ಹೆಚ್ಚಾಗಿ ಆರೋಗ್ಯವಾಗಿಯೇ ಇದೆ. ಹುಡುಕಬೇಕಾದದ್ದು ಎಬಿಎಸ್ ಕಡೆಗೆ ಹೋಗುವ ಕವಲಿನಲ್ಲಿ: ಅದರ ಫ್ಯೂಸು, ಅರ್ಥಿಂಗ್ ತಂತಿ, ಕನೆಕ್ಟರ್, ಕೊನೆಯಲ್ಲಿ ಆ ಘಟಕ.

ಎಲ್ಲಕ್ಕಿಂತ ಮೊದಲು, ಗೈರಾದ ಎಬಿಎಸ್ ಘಟಕವೇ ತನ್ನೊಳಗೆ ಏನು ಬರೆದುಕೊಂಡಿದೆ ಎಂಬುದನ್ನು ಓದಿಸಿ. ಕೋಡ್‌ಗಳನ್ನು ಅಳಿಸುವ ಮುನ್ನವೇ ಇದಾಗಬೇಕು. ಅಳಿಸಿದರೆ ಸಾಕ್ಷ್ಯವೇ ಹೋದಂತೆ. ಆ ಘಟಕ ಯು0100, ಅಂದರೆ ಇಂಜಿನ್ ಇಸಿಯು ಸಿಗುತ್ತಿಲ್ಲ ಎಂದು ದೂರಿದ್ದರೆ, ಆ ಹೊತ್ತಿನಲ್ಲಿ ಅದಕ್ಕೆ ಜೀವವಿತ್ತು, ಕಡಿದದ್ದು ಮಾತಿನ ತಂತಿ ಎಂದು ಊಹಿಸಬಹುದು. ಕಡಿಮೆ ವೋಲ್ಟೇಜಿನ ಕೋಡ್ ಇದ್ದರೆ, ಅಥವಾ ಏನೂ ದಾಖಲಾಗಿಲ್ಲದಿದ್ದರೆ, ಅದಕ್ಕೆ ವಿದ್ಯುತ್ತೇ ತಪ್ಪಿಹೋಗಿದ್ದಿರಬಹುದೆಂಬ ಸಂಶಯ ಬಲವಾಗುತ್ತದೆ.

ಅರ್ಥಿಂಗ್ ಪರೀಕ್ಷೆಯನ್ನು ಓಮ್ ಮೀಟರಿನಿಂದ ಮಾಡಿ ತೃಪ್ತಿಪಡಬಾರದು. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ ಅದನ್ನು ಸರಿ ಎಂದೇ ತೋರಿಸುತ್ತದೆ. ಸ್ಕ್ಯಾನರಿನ ಮೂಲಕ ಎಬಿಎಸ್ ಪಂಪನ್ನು ಓಡಿಸಿ, ಅದೇ ಹೊತ್ತಿಗೆ ಘಟಕದ ಅರ್ಥಿಂಗ್ ಪಿನ್ನು ಮತ್ತು ಬ್ಯಾಟರಿಯ ಋಣ ತುದಿಯ ನಡುವೆ ವೋಲ್ಟೇಜ್ ಅಳೆಯಿರಿ. ಅದು ಕೆಲವು ದಶಾಂಶಗಳಷ್ಟು ವೋಲ್ಟಿಗೆ ಏರಿದರೆ ದೋಷ ಸಿಕ್ಕಂತೆಯೇ. ಅದೂ ಸರಿಯಿದ್ದರೆ ಕನೆಕ್ಟರನ್ನು ಬಿಚ್ಚಿ, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಸಾಕೆಟ್ಟಿನ ಹಿಡಿತ ಸಡಿಲವಾಗಿದೆಯೇ ಎಂದು ಒಂದೊಂದನ್ನೇ ನೋಡಬೇಕು. ದೋಷ ಬಂದು ಹೋಗುವಂಥದ್ದಾದ್ದರಿಂದ, ಸ್ಕ್ಯಾನರಿನಲ್ಲಿ ಎಬಿಎಸ್ ಮಾಹಿತಿ ಹರಿಯುತ್ತಿರುವಾಗಲೇ ತಂತಿಗಳ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋಗಿ, ಮಾಹಿತಿ ತುಂಡಾಗುವ ಜಾಗವನ್ನು ಗುರುತಿಸುವುದು ಇಂದಿಗೂ ಅತ್ಯಂತ ಫಲದಾಯಕ ವಿಧಾನ.

ಪ್ರಶ್ನೆ: ಸ್ಕ್ಯಾನರ್ ಜೋಡಿಸುವ ಒಬಿಡಿ ಕನೆಕ್ಟರಿನ 6 ಮತ್ತು 14ನೇ ಪಿನ್ನುಗಳ ನಡುವೆ 60 ಓಮ್ ಬಂದರೆ ಜಾಲ ಸರಿಯಿದೆ ಎಂದು ಓದಿದ್ದೇನೆ. ನನಗೆ 120 ಓಮ್ ಬರುತ್ತಿದೆ. ಇದರ ಅರ್ಥವೇನು?

ಉತ್ತರ: ಜಾಲದ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೋಧಕವಿರುತ್ತದೆ, ಸಮಾಂತರವಾಗಿ ಸೇರಿದಾಗ ಅವು 60 ಓಮ್ ಆಗುತ್ತವೆ. 120 ಬಂದಿದೆಯೆಂದರೆ ಒಂದು ತುದಿ ಕಳಚಿದೆ, ಇಲ್ಲವೇ ನಡುವೆ ಎಲ್ಲೋ ತಂತಿ ಕಡಿದಿದೆ. 40ರ ಸುಮಾರು ಬಂದಿದ್ದರೆ ಮೂರನೆಯ ರೋಧಕವೊಂದು ಸೇರಿಕೊಂಡಿದೆ ಎಂದಾಗುತ್ತಿತ್ತು, ಸೊನ್ನೆಯ ಹತ್ತಿರ ಬಂದಿದ್ದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ ಎಂದು. ಆದರೆ ಈ ಅಳತೆಯನ್ನು ಬ್ಯಾಟರಿ ಕಳಚಿ, ಘಟಕಗಳೆಲ್ಲ ಮಲಗಿದ ಮೇಲೆ ತೆಗೆದುಕೊಂಡಿದ್ದೀರಾ ಎಂಬುದು ಮುಖ್ಯ. ವಿದ್ಯುತ್ ಇರುವಾಗ ಓಮ್ ಮೀಟರ್ ತೋರಿಸುವ ಸಂಖ್ಯೆಗೆ ಬೆಲೆಯಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಹೊಸ ಕಾರುಗಳಲ್ಲಿ ಆ ಪಿನ್ನುಗಳು ಜಾಲಗಳನ್ನು ಒಂದಕ್ಕೊಂದು ಬೆಸೆಯುವ ಗೇಟ್‌ವೇ ಘಟಕದವರೆಗೆ ಮಾತ್ರ ಹೋಗಿ ನಿಲ್ಲುವುದುಂಟು, ಆಗ ನೀವು ಅಳೆದದ್ದು ಆ ಚಿಕ್ಕ ತುಂಡನ್ನೇ ಹೊರತು ಇಂಜಿನ್ ಮತ್ತು ಬ್ರೇಕಿನ ಜಾಲವನ್ನಲ್ಲ. ನಿಮ್ಮ ಕಾರಿನ ತಂತಿ ನಕ್ಷೆಯನ್ನು ನೋಡದೆ ಈ 120ಕ್ಕೆ ಅರ್ಥ ಹಚ್ಚಲಾಗದು.

ತಂತಿಗಳು ಸರಿಯಿವೆ ಎಂದಾದರೆ ಇಗ್ನಿಷನ್ ಹಾಕಿ ವೋಲ್ಟೇಜ್ ನೋಡಿ. ಮೌನವಾಗಿರುವಾಗ ಎರಡೂ ತಂತಿಗಳು 2.5 ವೋಲ್ಟಿನ ಸುಮಾರಿಗೆ ಇರುತ್ತವೆ. ಮಾತಾಡುವಾಗ ಕ್ಯಾನ್ ಹೈ ಎಂಬ ತಂತಿ 3.5ಕ್ಕೆ ಏರಿ, ಕ್ಯಾನ್ ಲೋ ಎಂಬುದು 1.5ಕ್ಕೆ ಇಳಿಯುತ್ತದೆ. ಸಾಮಾನ್ಯ ಮಲ್ಟಿಮೀಟರ್ ಈ ಏರಿಳಿತದ ಸರಾಸರಿಯನ್ನಷ್ಟೇ ತೋರಿಸಬಲ್ಲದು. ಅಲೆಯ ಆಕಾರ ಕೆಟ್ಟಿದೆಯೇ ಎಂದು ತಿಳಿಯಲು ಆಸಿಲೋಸ್ಕೋಪೇ ಬೇಕು.

ಪ್ರಶ್ನೆ: ಕೆಲವೊಮ್ಮೆ ಒಂದು ಇಸಿಯು ತಾನಾಗಿಯೇ ಜಾಲದಿಂದ ಹೊರಗುಳಿದು, ಇಗ್ನಿಷನ್ ಆಫ್ ಮಾಡಿ ಹಾಕಿದರೆ ಮತ್ತೆ ಮಾತಾಡುತ್ತದೆ. ಹೀಗೇಕೆ?

ಉತ್ತರ: ಇದು ಬಸ್ ಆಫ್ (ಬಸ್ ಎಂದರೆ ಈ ಜಾಲವೇ) ಸ್ಥಿತಿ ಇರಬಹುದು. ಪ್ರತಿ ಘಟಕವೂ ತಾನು ಕಳಿಸುವ ಸಂದೇಶಗಳ ತಪ್ಪುಗಳನ್ನು ಎಣಿಸಿಕೊಳ್ಳುತ್ತದೆ: ಒಂದು ತಪ್ಪಿಗೆ ಸಾಮಾನ್ಯವಾಗಿ 8 ಅಂಕ ಏರುತ್ತದೆ, ಸಂದೇಶವೊಂದು ಯಶಸ್ವಿಯಾದರೆ 1 ಇಳಿಯುತ್ತದೆ. ಎಣಿಕೆ 255 ದಾಟಿದರೆ ಇತರರ ಮಾತಿಗೆ ಅಡ್ಡಿಯಾಗದಿರಲೆಂದು ಘಟಕ ತಾನೇ ಹೊರಗೆ ಸರಿಯುತ್ತದೆ. ಹೀಗೆ ಮೇಲಿಂದ ಮೇಲೆ ಆಗುತ್ತಿದ್ದರೆ ಆ ಘಟಕದ ಕನೆಕ್ಟರಿನಿಂದಲೇ ತಪಾಸಣೆ ಆರಂಭಿಸಿ. ನಂತರದಲ್ಲಿ ಹಾಕಿಸಿದ ಅಲಾರಂ, ಟ್ರ್ಯಾಕರ್ ಅಥವಾ ಮ್ಯೂಸಿಕ್ ಸಿಸ್ಟಂ ಕ್ಯಾನ್ ತಂತಿಗೆ ಕೈಯಿಂದ ಹೊಸೆದು ಜೋಡಿಸಲ್ಪಟ್ಟಿದ್ದರೆ, ಮೊದಲು ಅದನ್ನು ಕಳಚಿ ಒಂದೆರಡು ದಿನ ಓಡಿಸಿ ನೋಡಿ. ತಂತಿಯನ್ನು ಮರಳಿ ಜೋಡಿಸುವಾಗ ಎರಡು ಕ್ಯಾನ್ ತಂತಿಗಳನ್ನು ಒಂದಕ್ಕೊಂದು ಸುತ್ತಿದ ಹೆಣಿಗೆಯನ್ನು ಮೊದಲಿನಂತೆಯೇ ಉಳಿಸಿಕೊಳ್ಳಬೇಕು; ಅದನ್ನು ಬಿಡಿಸಿ ಉದ್ದಕ್ಕೆ ಹಾಗೆಯೇ ಬಿಟ್ಟರೆ, ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳದೆ ತಪ್ಪುಗಳ ಎಣಿಕೆ ಮತ್ತೆ ಏರತೊಡಗುತ್ತದೆ.