ಲೆವೆಲ್‌ಡಿಬಿಯಲ್ಲಿ ನಂಬರ್‌ಗಳೂ ಕನ್ನಡ ಹೆಸರುಗಳೂ ಸರಿಯಾದ ಸಾಲಿನಲ್ಲಿ ಬರಲು ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರಿನ ಲೈಬ್ರರಿಗೆ ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೀರಿ. ಪುಸ್ತಕಗಳ ವಿವರ ಲೆವೆಲ್‌ಡಿಬಿಯಲ್ಲಿದೆ. ಅದು ಕೀ (ಹುಡುಕಲು ಬಳಸುವ ಗುರುತು) ಮತ್ತು ವ್ಯಾಲ್ಯೂ (ಅದರ ಜೊತೆ ಇಡುವ ವಿವರ) ಅನ್ನುವ ಜೋಡಿಗಳನ್ನು ಉಳಿಸುವ ಡೇಟಾಬೇಸ್. ಅಕ್ಸೆಷನ್ ನಂಬರ್ (ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ಕ್ರಮಸಂಖ್ಯೆ) ಪ್ರಕಾರ ಓದಿದರೆ 1, 10, 100, 2 ಅಂತ ಬರುತ್ತಿದೆ. ಹೆಸರಿನ ಪ್ರಕಾರ ಓದಿದರೆ ಳ ಇರುವ ಹೆಸರುಗಳು ನಡುವೆ ಎಲ್ಲೋ ಬಂದು ಕೂರುತ್ತಿವೆ. ಪ್ರತಿ ಸಲ ಎಲ್ಲವನ್ನೂ ಮೆಮೊರಿಗೆ ತಂದು ಸಾರ್ಟ್ ಮಾಡಬೇಕಾ, ಇಲ್ಲಾ ಎಸ್‌ಕ್ಯೂಲೈಟ್ ಅನ್ನುವ ಇನ್ನೊಂದು ಡೇಟಾಬೇಸ್‌ಗೆ ಹೋಗಬೇಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಎಸ್‌ಕ್ಯೂಲೈಟ್‌ಗೆ ಹೋದರೆ ನಂಬರಿನ ತೊಂದರೆ ತೀರುತ್ತದೆ, ಆದರೆ ಳ ಅಲ್ಲೂ ಹಾಗೇ ಕೂರುತ್ತದೆ. ನೀವೇನೂ ಹೇಳದಿದ್ದರೆ ಅದೂ ಅಕ್ಷರಗಳನ್ನು ಬೈಟ್ ಲೆಕ್ಕದಲ್ಲೇ ಹೋಲಿಸುತ್ತದೆ. ಸರಿಪಡಿಸಬೇಕಾದದ್ದು ನಿಮ್ಮ ಕೀ.

ಲೆವೆಲ್‌ಡಿಬಿಯನ್ನು ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಬರೆದರು, 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೆ ಸಂಖ್ಯೆ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಬೈಟ್‌ಗಳ ಸಾಲು ಮಾತ್ರ ಗೊತ್ತು. ಹೊಸದಾಗಿ ಬರೆದದ್ದು ಮೊದಲು ಲಾಗ್ ಫೈಲ್‌ಗೂ ಮೆಮೊರಿಯ ಒಂದು ಪಟ್ಟಿಗೂ ಸೇರುತ್ತದೆ. ಆ ಪಟ್ಟಿ ಸುಮಾರು 4 ಎಂಬಿ ಆದಾಗ, ಕೀಗಳ ಕ್ರಮದಲ್ಲೇ ಡಿಸ್ಕ್‌ಗೆ ಇಳಿಯುತ್ತದೆ. ಅಂದರೆ ಸಾರ್ಟ್ ಮಾಡುವ ಕೆಲಸ ಬರೆಯುವಾಗಲೇ ಮುಗಿದಿರುತ್ತದೆ. ಅದು ಜೋಡಿಸುವ ಕ್ರಮವೂ ನಿಮಗೆ ಬೇಕಾದ ಕ್ರಮವೂ ಒಂದೇ ಆಗುವಂತೆ ಕೀ ಕಟ್ಟಿದರೆ, ಓದುವಾಗ ನಿಮಗೆ ಏನೂ ಕೆಲಸ ಉಳಿಯುವುದಿಲ್ಲ.

ಮೊದಲು ನಂಬರ್. "10" ಅಂತ ಅಕ್ಷರದಲ್ಲಿ ಬರೆದರೆ ಅದರ ಮೊದಲ ಬೈಟ್ 49, "2" ಅಂತ ಬರೆದರೆ 50. ಅದಕ್ಕೇ 10 ಮುಂದೆ ಬರುತ್ತದೆ. ನಂಬರನ್ನು 4 ಬೈಟ್‌ಗಳಲ್ಲಿ ಬರೆಯಿರಿ, ದೊಡ್ಡ ಬೆಲೆಯ ಬೈಟ್ ಮೊದಲು ಬರಲಿ. ಇದನ್ನು ಬಿಗ್ ಎಂಡಿಯನ್ ಅನ್ನುತ್ತಾರೆ. ತಿರುಗಿಸಿ ಬರೆದರೆ 1 ಅನ್ನುವುದು 01 00 00 00 ಆಗುತ್ತದೆ, 256 ಅನ್ನುವುದು 00 01 00 00 ಆಗುತ್ತದೆ. ಆಗ 256 ಬಂದು 1ಕ್ಕಿಂತ ಮುಂದೆ ನಿಲ್ಲುತ್ತದೆ. ಇನ್ನೂರು ಪುಸ್ತಕ ಹಾಕಿ ಪರೀಕ್ಷೆ ಮಾಡಿದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಹುಷಾರು.

ಇನ್ನು ಕನ್ನಡ. ಒಂದು ಪದಪಟ್ಟಿಯ ಜೊತೆ ತಿಂಗಳುಗಟ್ಟಲೆ ಕೂತಿದ್ದೆ, ಹಾಗಾಗಿ ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯಲ್ಲಿ, ಹ ಆದ ಮೇಲೆ. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಬಳಸುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದು ಲ ಪಕ್ಕದಲ್ಲೇ ಇದೆ, ವ ಬರುವ ಮೊದಲೇ. ಹಾಗಾಗಿ ಬೈಟ್ ಲೆಕ್ಕದಲ್ಲಿ ಬಲ್ಲ, ಬಳೆ, ಬವಣೆ, ಬಸವ, ಬಹಳ ಅಂತ ಸಿಗುತ್ತದೆ. ನಿಘಂಟು ನೋಡಿ ಬೆಳೆದವರಿಗೆ ಬೇಕಾದದ್ದು ಬಲ್ಲ, ಬವಣೆ, ಬಸವ, ಬಹಳ, ಬಳೆ. ಅಲ್ವಾ?

ಉಳಿದದ್ದೆಲ್ಲ ಬಹುಪಾಲು ಸರಿಯಾಗಿಯೇ ಇದೆ. ವ್ಯಂಜನಗಳ ನಂತರ ಗುಣಿತದ ಚಿಹ್ನೆಗಳು, ಅವುಗಳ ನಂತರ ಒತ್ತಕ್ಷರ ಮಾಡುವ ಅರ್ಧಚಿಹ್ನೆ ಬರುತ್ತವೆ. ಹಾಗಾಗಿ ಕರ, ಕಾಗೆ, ಕೌದಿ, ಕ್ರಮ ಅನ್ನುವ ಸಾಲು ತಾನಾಗಿಯೇ ಸಿಗುತ್ತದೆ. ಸರಿಸಬೇಕಾದದ್ದು ಳ ಒಂದನ್ನೇ.

ನಾನು ಮಾಡುವುದು ಹೀಗೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಇದೆ. ಇಂಗ್ಲಿಷ್ ಅಕ್ಷರ, ಅಂಕಿ, ಖಾಲಿ ಜಾಗ ಎಲ್ಲ 128ರ ಒಳಗೆ ಮುಗಿಯುತ್ತವೆ. ಹಾಗಾಗಿ ಕನ್ನಡದ ಪ್ರತಿ ಚಿಹ್ನೆಗೂ 128ರಿಂದ 255ರವರೆಗಿನ ಒಂದೇ ಬೈಟ್ ಕೊಡಬಹುದು. ಹ ಬಂದು 185ರಲ್ಲಿ ಕೂರುತ್ತದೆ, ಕಾ ಗುಣಿತದ ಚಿಹ್ನೆ 190ರಲ್ಲಿ. ನಡುವೆ 186 ಖಾಲಿ ಇದೆ. ಳ ಬಂದಾಗ 179ರ ಬದಲು 186 ಬರೆದರೆ ಮುಗಿಯಿತು. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಸಾಮಾನ್ಯ ವಿಧಾನವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಇಲ್ಲಿ ಒಂದು ಸಾಕು. ಕೀ ಕೂಡ ಚಿಕ್ಕದಾಗುತ್ತದೆ.

ಅದಕ್ಕೂ ಮೊದಲು ಹೆಸರನ್ನು ಶುಚಿ ಮಾಡಿ. ಕೊ ಅನ್ನುವುದನ್ನು ಎರಡು ಥರ ಬರೆಯಬಹುದು: ಒಂದೇ ಚಿಹ್ನೆಯಾಗಿ, ಅಥವಾ ಕೆ ಮತ್ತು ಕೂ ಗುಣಿತದ ಎರಡು ಚಿಹ್ನೆ ಸೇರಿಸಿ. ನೋಡಲು ಒಂದೇ, ಬೈಟ್ ಬೇರೆ. ಎನ್‌ಎಫ್‌ಸಿ (ಇಂಥವನ್ನು ಏಕರೂಪ ಮಾಡುವ ಯೂನಿಕೋಡ್ ನಿಯಮ) ಪ್ರಕಾರ ನಾರ್ಮಲೈಸ್ ಮಾಡಿದರೆ ಒಂದೇ ರೂಪ ಸಿಗುತ್ತದೆ. "ಸಾಫ್ಟ್‌ವೇರ್" ಥರದ ಪದಗಳ ಒಳಗೆ ಕಣ್ಣಿಗೆ ಕಾಣದ ಜಾಯಿನರ್‌ಗಳು (ಅಕ್ಷರಗಳು ಕೂಡಬೇಕೋ ಬೇಡವೋ ಅಂತ ಹೇಳುವ ಚಿಹ್ನೆಗಳು) ಅಡಗಿರುತ್ತವೆ, ಅವನ್ನೂ ಕೀಯಿಂದ ತೆಗೆಯಿರಿ. ಓದುಗರಿಗೆ ತೋರಿಸುವ ಹೆಸರು ವ್ಯಾಲ್ಯೂದಲ್ಲಿ ಇದ್ದ ಹಾಗೇ ಇರಲಿ. ನನ್ನ ಪಟ್ಟಿಯಲ್ಲಿ ಒಂದೇ ಪದ ಎರಡೆರಡು ಸಲ ಬರುತ್ತಿತ್ತು. ಕಾರಣ ಈ ಜಾಯಿನರ್ ಅಂತ ಗೊತ್ತಾಗಲು ಎರಡು ದಿನ ಹಿಡಿಯಿತು.

ನಿಮ್ಮ ಡೇಟಾಬೇಸ್‌ನಲ್ಲಿ ಎರಡು ಬಗೆಯ ಕೀ ಇರಲಿ. ಮೊದಲನೆಯದು: 1 ಅನ್ನುವ ಬೈಟ್, ಆಮೇಲೆ ನಂಬರಿನ 4 ಬೈಟ್. ಇದರ ವ್ಯಾಲ್ಯೂದಲ್ಲಿ ಪುಸ್ತಕದ ಪೂರ್ತಿ ವಿವರ. ಎರಡನೆಯದು: 2 ಅನ್ನುವ ಬೈಟ್, ಹೆಸರಿನ ಬೈಟ್‌ಗಳು, ಒಂದು ಸೊನ್ನೆ ಬೈಟ್, ಕೊನೆಗೆ ಮತ್ತೆ ನಂಬರಿನ 4 ಬೈಟ್. ಇದರ ವ್ಯಾಲ್ಯೂ ಖಾಲಿ ಇದ್ದರೂ ಸಾಕು. ಕೊನೆಯಲ್ಲಿ ನಂಬರ್ ಯಾಕೆ ಅಂದರೆ, ಒಂದೇ ಪುಸ್ತಕದ ಎರಡು ಪ್ರತಿ ಇದ್ದಾಗ ಹೆಸರು ಒಂದೇ ಇರುತ್ತದೆ. ಹೆಸರೊಂದೇ ಕೀ ಆಗಿದ್ದರೆ ಎರಡನೆಯದು ಮೊದಲನೆಯದನ್ನು ಅಳಿಸಿಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸೊನ್ನೆ ಬೈಟ್ ಇದ್ದರೆ "ಮರ" ಅನ್ನುವುದು "ಮರಳು" ಅನ್ನುವುದಕ್ಕಿಂತ ಯಾವಾಗಲೂ ಮುಂದೆ ನಿಲ್ಲುತ್ತದೆ.

ಓದುವುದು ಸುಲಭ. ಪೈಥಾನ್‌ನಿಂದ ಲೆವೆಲ್‌ಡಿಬಿ ಬಳಸಲು ಇರುವ ಪ್ಲೈವೆಲ್ ಲೈಬ್ರರಿ ಬಳಸುತ್ತಿದ್ದರೆ, ಕೀಗಳನ್ನು ಒಂದೊಂದಾಗಿ ಕೊಡುವ ಇಟರೇಟರ್‌ಗೆ ಪ್ರಿಫಿಕ್ಸ್ (ಕೀಯ ಮೊದಲ ಭಾಗ) ಕೊಡಿ. ಓದುಗರು "ಬಳ" ಅಂತ ಟೈಪ್ ಮಾಡಿದರೆ ಅದನ್ನೂ ಹೆಸರುಗಳಿಗೆ ಬಳಸಿದ ಫಂಕ್ಷನ್‌ನಿಂದಲೇ ಬೈಟ್ ಮಾಡಿ, ಮೊದಲಿಗೆ 2 ಅನ್ನುವ ಬೈಟ್ ಸೇರಿಸಿ ಕೊಡಿ, ಬಳಗ, ಬಳೆ, ಬಳ್ಳಿ ಸಾಲಾಗಿ ಬರುತ್ತವೆ. 500ರಿಂದ 600ರವರೆಗೆ ಬೇಕಾದರೆ ಸ್ಟಾರ್ಟ್, ಸ್ಟಾಪ್ ಕೊಡಿ. ಸ್ಟಾಪ್ ಆಗಿ ಕೊಟ್ಟ ಕೀ ಸೇರುವುದಿಲ್ಲ, ಹಾಗಾಗಿ 601 ಕೊಡಬೇಕು.

ಹೆಸರು ತಿದ್ದಿದಾಗ ಹಳೆಯ ಹೆಸರಿನ ಕೀ ಅಳಿಸಿ ಹೊಸದನ್ನು ಹಾಕುವುದನ್ನು ಮರೆಯಬೇಡಿ. ಈ ಬದಲಾವಣೆಗಳೆಲ್ಲ ಒಂದೇ ರೈಟ್ ಬ್ಯಾಚ್‌ನಲ್ಲಿ (ಒಟ್ಟಿಗೆ ಬರೆಯುವ ಗುಂಪು) ಹೋಗಲಿ. ಪ್ಲೈವೆಲ್‌ನಲ್ಲಿ ಬ್ಯಾಚನ್ನು ವಿತ್ ಬ್ಲಾಕ್ ಒಳಗೆ ಬಳಸಿದರೆ, ನಡುವೆ ಎರರ್ ಬಂದರೂ ಅಲ್ಲಿಯವರೆಗಿನದನ್ನು ಬರೆದುಬಿಡುತ್ತದೆ. ಟ್ರಾನ್ಸಾಕ್ಷನ್ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದರೆ ಮಾತ್ರ ಪೂರ್ತಿ ಕೈಬಿಡುತ್ತದೆ.

ಕೀ ಹಾಗೇ ಇಟ್ಟು ಕಂಪ್ಯಾರೇಟರ್ (ಎರಡು ಕೀಗಳಲ್ಲಿ ಯಾವುದು ಮೊದಲು ಅಂತ ಹೇಳುವ ನಿಯಮ) ಬದಲಿಸಬಹುದಲ್ಲ ಅಂತ ಅನ್ನಿಸಬಹುದು. ನಾನು ಮೊದಲು ಅದನ್ನೇ ಮಾಡಿದ್ದೆ. ಕಂಪ್ಯಾರೇಟರ್‌ನ ಹೆಸರು ಡೇಟಾಬೇಸ್ ಒಳಗೇ ದಾಖಲಾಗುತ್ತದೆ. ಅದಿಲ್ಲದೆ ಬೇರೆ ಪ್ರೋಗ್ರಾಂನಿಂದ ತೆರೆಯಲು ಹೋದರೆ ತೆರೆಯುವುದೇ ಇಲ್ಲ. ಒಮ್ಮೆ ಹೆಸರು ಹಾಗೇ ಇಟ್ಟು ನಿಯಮ ಮಾತ್ರ ತಿದ್ದಿದೆ. ಪದಗಳು ಫೈಲ್‌ನಲ್ಲಿ ಇದ್ದರೂ ಹುಡುಕಿದಾಗ ಇಲ್ಲ ಅಂತ ಉತ್ತರ ಬರತೊಡಗಿತು. ಆವತ್ತಿನಿಂದ ಕಂಪ್ಯಾರೇಟರ್ ಮುಟ್ಟಿಲ್ಲ.

ಈಗಿರುವ ಕೀಗಳು ತಾವಾಗಿ ಬದಲಾಗುವುದಿಲ್ಲ. ಹಳೆಯ ಫೋಲ್ಡರ್‌ನಿಂದ ಒಂದೊಂದೇ ಪುಸ್ತಕ ಓದಿ, ಹೊಸ ಫೋಲ್ಡರ್‌ಗೆ ಹೊಸ ಕೀಯಲ್ಲಿ ಬರೆಯಿರಿ. ಎರಡೂ ಕಡೆ ಪುಸ್ತಕಗಳ ಎಣಿಕೆ ಸರಿಹೋಗುವವರೆಗೆ ಹಳೆಯದನ್ನು ಅಳಿಸಬೇಡಿ.